ಕರೆಂಟ್ ಸ್ಕೂಟರ್ ನಮ್ಮ ಚಡವು ಹತ್ತೀತೇ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಮೊದಲು ಕೇಳುವ ಪ್ರಶ್ನೆ ಇದು. ಹತ್ತುತ್ತದೆ. ನಿಂತಲ್ಲಿಂದಲೇ ಮೋಟರಿಗೆ ಪೂರ್ತಿ ಎಳೆತ ಇರುವುದರಿಂದ ಚಡವಿನಲ್ಲಿ ಅದಕ್ಕೆ ಕಷ್ಟವಿಲ್ಲ. ರಿಜಿಸ್ಟ್ರೇಶನ್ ಬೇಡದ, ಗಂಟೆಗೆ 25 ಕಿ.ಮೀ. ದಾಟದ ಸಣ್ಣ ಗಾಡಿ ಮಾತ್ರ ಬೇಡ. 250 ವಾಟ್ ಮೋಟರ್ ಇಬ್ಬರನ್ನು ಹೊತ್ತು ಗುಡ್ಡ ಏರಲಾರದು.

ಏರಿದ್ದಕ್ಕೆ ಬೆಲೆ ಇದೆ. ಗಾಡಿ, ಸವಾರ ಸೇರಿ 200 ಕಿಲೋ ಎಂದಿಟ್ಟುಕೊಂಡರೆ 100 ಮೀಟರ್ ಎತ್ತರಕ್ಕೆ ಹೋಗುವ ಚಾರ್ಜಿನಲ್ಲಿ ಸಮತಟ್ಟು ರಸ್ತೆಯಲ್ಲಿ ಇನ್ನೆರಡು ಕಿ.ಮೀ. ಓಡಬಹುದಿತ್ತು. ಇಳಿಯುವಾಗ ಮೋಟರೇ ಗಾಡಿಯನ್ನು ಹಿಡಿದು ಕರೆಂಟ್ ಮಾಡುವುದರಿಂದ ಅದರಲ್ಲಿ ಸ್ವಲ್ಪ ಬ್ಯಾಟರಿಗೆ ವಾಪಸು ಬರುತ್ತದೆ. ಆದರೆ ಬ್ಯಾಟರಿ 100% ತುಂಬಿದ್ದರೆ ಅದು ಹೋಗಲು ಜಾಗವೇ ಇಲ್ಲ, ಮೋಟರ್ ಹಿಡಿತವೂ ಸಿಗದು, ಎಲ್ಲ ಭಾರ ಬ್ರೇಕಿನ ಮೇಲೆ. ಮನೆ ಗುಡ್ಡದ ಮೇಲಿದ್ದರೆ 90ಕ್ಕೇ ಚಾರ್ಜ್ ನಿಲ್ಲಿಸಿ.

ಖರ್ಚಿನ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಕೆ.ಎಸ್.ಇ.ಬಿ. (ಕೇರಳದ ವಿದ್ಯುತ್ ಮಂಡಳಿ) ಸ್ಲ್ಯಾಬ್, ಅಂದರೆ ಬಳಕೆ ಹೆಚ್ಚಿದಂತೆ ಏರುವ ದರದ ಹಂತ. ದಿನಕ್ಕೆ 30 ಕಿ.ಮೀ. ಓಡಿಸಿದರೆ ಎರಡು ತಿಂಗಳ ಬಿಲ್ಲಿಗೆ ಸುಮಾರು 60-65 ಯೂನಿಟ್. ಈಗಾಗಲೇ 450 ಉರಿಸುವ ಮನೆ ಇದರಿಂದ 500 ದಾಟುತ್ತದೆ. ದಾಟಿದರೆ ಹೆಚ್ಚುವರಿ ಯೂನಿಟಿಗಷ್ಟೇ ಅಲ್ಲ, ಮೊದಲ ಯೂನಿಟಿನಿಂದಲೇ ಒಂದೇ ದುಬಾರಿ ದರ. ಹಾಗಿದ್ದರೂ ಪೆಟ್ರೋಲಿಗಿಂತ ಅಗ್ಗವೇ, ಶೋರೂಮಿನವರು ಹೇಳುವಷ್ಟು ಅಲ್ಲ.

ವಯರಿಂಗ್ ವಿಷಯದಲ್ಲಿ ಜಿಪುಣತನ ಬೇಡ. 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವಯರ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್). ಸಡಿಲ ಸಾಕೆಟ್ಟಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸಿದರೆ ಗಂಟೆಗಟ್ಟಲೆ ಕರೆಂಟ್ ಎಳೆದು ಪಿನ್ನು ಬಿಸಿಯಾಗಿ ಕರಗುತ್ತದೆ. ನಮ್ಮ ಮುರಕಲ್ಲಿನ ನೆಲ ಮಾರ್ಚಿಗೇ ಒಣಗಿ ಅರ್ತಿಂಗ್ ಸತ್ತಂತಾಗುತ್ತದೆ, ಅರ್ತ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹೊಯ್ಯಿರಿ. ಎಪ್ರಿಲ್-ಮೇಯಲ್ಲೂ ಅಕ್ಟೋಬರಿನಲ್ಲೂ ಸಂಜೆ ಮೋಡ ಕಟ್ಟಿತೆಂದರೆ ಪ್ಲಗ್ಗನ್ನೇ ಕಿತ್ತಿಡಿ; ಸ್ವಿಚ್ ಆರಿಸಿದರೆ ಸಿಡಿಲಿಗೆ ಅದೇನು ಲೆಕ್ಕ?

ಆಟಿಯ ಮಳೆಗೆ ಮರ ಬಿದ್ದು ಲೈನ್ ಹೋದರೆ ಇನ್ವರ್ಟರ್ ನಂಬಬೇಡಿ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದೇ 1.8 ಯೂನಿಟ್, ಸ್ಕೂಟರಿಗೆ ಬೇಕಾದ್ದು ಮೂರರ ಮೇಲೆ. ಮಳೆಗಾಲದಲ್ಲಿ ಚಾರ್ಜ್ 40%ಕ್ಕಿಂತ ಇಳಿಯಲು ಬಿಡದೆ ತುಂಬಿಸುತ್ತಿರುವುದೇ ಉಪಾಯ.

ಕಾಸರಗೋಡಿನಿಂದ ದಿನಾ ಮಂಗಳೂರಿಗೆ ಹೋಗಿಬರುವವರಿಗೆ ಮಾತ್ರ ನನ್ನ ಉತ್ತರ ಬೇರೆ. ಹೋಗಿಬರಲು 100 ಕಿ.ಮೀ., ಹೆದ್ದಾರಿಯ ವೇಗಕ್ಕೆ ಗಾಳಿಯ ತಡೆ ಹೆಚ್ಚಿ ಚಾರ್ಜ್ ಬೇಗ ಇಳಿಯುತ್ತದೆ. 3 ಯೂನಿಟಿನ ಬ್ಯಾಟರಿಗೆ ಅದು ಮೀರಿದ ದೂರ. ಕೆಲಸದ ಜಾಗದಲ್ಲಿ ಪ್ಲಗ್ ಸಿಗದಿದ್ದರೆ ರೈಲು ಪಾಸೇ ಒಳ್ಳೆಯದು, ಸ್ಕೂಟರ್ ಸ್ಟೇಶನ್ನಿನವರೆಗೆ ಸಾಕು.