ಮನೆಯಲ್ಲಿ ಕಾರಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಮುನ್ನ

ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತ ಕಾರು, ಕೊನೆಗೊಂದು ದಿನ ಕೀಲಿ ತಿರುಗಿಸಿದಾಗ ಟಕ್ ಟಕ್ ಎಂದಷ್ಟೇ ಸದ್ದು ಮಾಡಿ ಸುಮ್ಮನಾಗುವುದು ನಮ್ಮ ಕಡೆಯ ಮನೆಗಳಿಗೆ ಹೊಸದಲ್ಲ. ಕಾರು ಓಡದೆ ನಿಂತಿದ್ದರೂ ಅದರ ಗಡಿಯಾರ, ಸೆಂಟ್ರಲ್ ಲಾಕ್, ಒಳಗಿನ ಕಂಪ್ಯೂಟರ್ ಇವೆಲ್ಲ ಹಗಲು ರಾತ್ರಿ ಸ್ವಲ್ಪ ಸ್ವಲ್ಪವೇ ವಿದ್ಯುತ್ತನ್ನು ಎಳೆಯುತ್ತಿರುತ್ತವೆ. ಈ ಎಳೆತ ಕೇವಲ 50 ಮಿಲಿಆಂಪಿಯರ್ ಎಂದು ಇಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ (ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಆಗುವಷ್ಟು ಒಂದು ಆಂಪಿಯರ್-ಅವರ್) ಖರ್ಚಾಗುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಇಳಿದು, ತಿಂಗಳು ತುಂಬುವಷ್ಟರಲ್ಲಿ ಬರಿದಾಗುತ್ತದೆ. ಬ್ಯಾಟರಿ ಅಂಗಡಿ ಪೇಟೆಯಲ್ಲಿ, ಕಾರು ಹೊರಡದ ಸ್ಥಿತಿಯಲ್ಲಿ ಮನೆಯಲ್ಲಿ. ಹಾಗಾಗಿ ಅನೇಕರು ಈಗ ಒಂದು ಚಾರ್ಜರ್ ಕೊಂಡು ಮನೆಯಲ್ಲೇ ಈ ಕೆಲಸ ಮಾಡಿಕೊಳ್ಳುತ್ತಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ "ಹನ್ನೆರಡು ವೋಲ್ಟ್ ತಾನೇ, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ" ಎಂಬ ಧೈರ್ಯದಿಂದ ಅದನ್ನು ಮಾಡುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಇಲ್ಲಿನ ಮುಖ್ಯ ಅಪಾಯ ಬರುವುದು ಅನಿಲದಿಂದ.

ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ಅದರ ಒಳಗಿನ ರಸಾಯನಕ್ರಿಯೆ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಒಂದು ತಟ್ಟೆ ಸೀಸದ ಡೈಆಕ್ಸೈಡಿನದು, ಇನ್ನೊಂದು ಮೆದುವಾದ ಸೀಸದ್ದು, ನಡುವೆ ನೀರು ಬೆರೆತ ಗಂಧಕಾಮ್ಲ. ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ ಮತ್ತು ಆಮ್ಲ ನೀರಾಗುತ್ತ ಬರುತ್ತದೆ. ಚಾರ್ಜ್ ಮಾಡುವಾಗ ಇದೆಲ್ಲ ಹಿಂದಕ್ಕೆ ತಿರುಗುತ್ತದೆ. ಆದರೆ ತಟ್ಟೆಗಳ ಮೇಲೆ ಮರಳಿಸಬೇಕಾದ ಸಲ್ಫೇಟ್ ಮುಗಿಯುತ್ತ ಬಂದಾಗ, ಅಂದರೆ ಚಾರ್ಜಿನ ಕೊನೆಯ ಹಂತದಲ್ಲಿ, ಬರುವ ವಿದ್ಯುತ್ತಿಗೆ ಬೇರೆ ಕೆಲಸ ಉಳಿಯದೆ ಅದು ನೀರನ್ನೇ ಒಡೆದು ಜಲಜನಕ ಮತ್ತು ಆಮ್ಲಜನಕವನ್ನು ಬಿಡತೊಡಗುತ್ತದೆ. ಒಟ್ಟು ವೋಲ್ಟೇಜ್ ಸುಮಾರು 14.4 ದಾಟಿದ ಮೇಲೆ ಈ ಗುಳ್ಳೆಗಳು ಜೋರಾಗುತ್ತವೆ.

ಎಷ್ಟು ಅನಿಲ ಹೊರಬರುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ತುಂಬಿದ ಬ್ಯಾಟರಿಗೆ 3.5 ಆಂಪಿಯರ್ ವಿದ್ಯುತ್ತನ್ನು ಒಂದು ಗಂಟೆ ಸುಮ್ಮನೆ ಹರಿಯಬಿಟ್ಟರೆ ಅದರ ಆರು ಸೆಲ್‌ಗಳಿಂದ, ಅಂದರೆ ತಲಾ ಸುಮಾರು ಎರಡು ವೋಲ್ಟಿನ ಆರು ಖಾನೆಗಳಿಂದ, ಒಟ್ಟು ಸುಮಾರು 9 ಲೀಟರ್ ಜಲಜನಕ ಹುಟ್ಟುತ್ತದೆ. ಗಾಳಿಯಲ್ಲಿ ಜಲಜನಕದ ಪ್ರಮಾಣ ಶೇಕಡಾ 4ರಿಂದ 75ರವರೆಗೆ ಎಷ್ಟಿದ್ದರೂ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟ ಕೋಣೆಯಲ್ಲಿ 9 ಲೀಟರ್ ಏನೂ ಅಲ್ಲ. ಅದು ಹಗುರವಾದ್ದರಿಂದ ಮೇಲೇರಿ ಬೇಗ ಚದುರಿಹೋಗುತ್ತದೆ. ಆದರೆ ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ, ಬಾಗಿಲು ಹಾಕಿದ ಸ್ಟೋರ್ ರೂಮಿನ ಕಪಾಟಿನಲ್ಲಿ, ಇನ್ನೂರು ಲೀಟರಿಗಿಂತ ದೊಡ್ಡದಾದ ಒಂದು ಡ್ರಮ್ಮಿನಷ್ಟು ಗಾಳಿಯನ್ನು ಸ್ಫೋಟಕವಾಗಿಸಲು ಅಷ್ಟೇ ಸಾಕಾಗುತ್ತದೆ. ಕೋಣೆ ಎಷ್ಟೇ ವಿಶಾಲವಾಗಿದ್ದರೂ ಬ್ಯಾಟರಿಯ ಮುಚ್ಚಳಗಳ ಬಾಯಲ್ಲಿ, ನಾವು ಕ್ಲಿಪ್ ಹಾಕಲು ಮುಖ ಬಾಗಿಸುವ ಜಾಗದಲ್ಲೇ, ಅನಿಲ ದಟ್ಟವಾಗಿರುತ್ತದೆ. ಅಲ್ಲಿ ಕಿಡಿ ಹಾರಿದರೆ ಮನೆ ಉರಿಯದಿರಬಹುದು, ಆದರೆ ಬ್ಯಾಟರಿಯ ಡಬ್ಬಿ ಒಡೆದು ಆ್ಯಸಿಡ್ ನೇರವಾಗಿ ಕಣ್ಣಿಗೆ ಎರಚುತ್ತದೆ. ಮುಂದೆ ಹೇಳುವ ಬಹುತೇಕ ಎಚ್ಚರಿಕೆಗಳು ಈ ಒಂದು ಕಾರಣದಿಂದಲೇ ಹುಟ್ಟಿದವು. ಕಾರಣ ಗೊತ್ತಿದ್ದವರಿಗೆ ಅವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಆದ್ದರಿಂದ ಜಾಗ ಗಾಳಿಯಾಡುವಂಥದ್ದಾಗಿರಬೇಕು: ವರಾಂಡ, ಶೆಡ್ಡು, ಮಳೆಯ ಇರಿಚಲು ತಾಗದ ಹಿತ್ತಿಲ ಜಗಲಿ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಬೀಡಿ ಸಿಗರೇಟು ಹತ್ತಿರದಲ್ಲಿ ಇರಬಾರದು. ಕೆಲವು ಮನೆಗಳಲ್ಲಿ ಒಲೆಯ ಪಕ್ಕದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸುವ ರೂಢಿಯಿದೆ, ಏಕೆಂದರೆ ಗಟ್ಟಿಯಾದ ಮೂರು ಪಿನ್ನಿನ ಸಾಕೆಟ್ ಅಲ್ಲೇ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆಗಾಲದ ಹಸಿ ನೆಲದ ಮೇಲೆ ಚಾರ್ಜರ್ ಇಡದೆ ಒಣ ಮಣೆಯ ಮೇಲೆ ಇಡಬೇಕು. ಅದನ್ನು ಬ್ಯಾಟರಿಯ ತಲೆಯ ಮೇಲಲ್ಲ, ತಂತಿ ಎಟುಕುವಷ್ಟು ದೂರಕ್ಕೆ ಪಕ್ಕದಲ್ಲಿಡಬೇಕು.

ಇನ್ನು ಜೋಡಿಸುವ ಕ್ರಮ. ಕಾರಿನಿಂದ ಬ್ಯಾಟರಿ ಕಳಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಕಾರಿನ ಇಡೀ ಲೋಹದ ಮೈ ಮೈನಸ್ಸಿಗೆ ಜೋಡಣೆಯಾಗಿರುವುದರಿಂದ, ಮೊದಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾನೆಟ್ಟಿನ ಕೆಳಗಿನ ಯಾವುದೋ ಕಬ್ಬಿಣಕ್ಕೆ ತಾಗಿದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ಮೈನಸ್ ಬಿಚ್ಚಿದ ಮೇಲೆ ಅದೇ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಏನೂ ಆಗುವುದಿಲ್ಲ. ಮರಳಿ ಕೂರಿಸುವಾಗ ಇದು ತಿರುಗಬೇಕು: ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕೆಲಸಕ್ಕೆ ಕೈ ಹಾಕುವ ಮುನ್ನ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ, ಕೊರಳ ಸರ ತೆಗೆದಿಡಬೇಕು. ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇದ್ದರೆ ಉತ್ತಮ.

ಚಾರ್ಜರ್‌ನ ಕ್ಲಿಪ್ಪುಗಳನ್ನು ಹಾಕುವಾಗ ಗೋಡೆಯ ಸ್ವಿಚ್ ಆಫ್ ಆಗಿರಲೇಬೇಕು. ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಕ್ಲಿಪ್ ಮೈನಸ್ಸಿಗೆ ಎಂದು ಎರಡು ಸಲ ನೋಡಿ, ಅಲುಗದಂತೆ ಗಟ್ಟಿಯಾಗಿ ಹಿಡಿಸಿ, ಆಮೇಲೆ ಸ್ವಿಚ್ ಹಾಕಬೇಕು. ಬ್ಯಾಟರಿ ಕಾರಿನಲ್ಲೇ ಇರುವಾಗ ಚಾರ್ಜ್ ಮಾಡುವುದಾದರೆ ಕಪ್ಪು ಕ್ಲಿಪ್ಪನ್ನು ಬ್ಯಾಟರಿಗೇ ಹಾಕದೆ, ದೂರದಲ್ಲಿರುವ ಬಣ್ಣವಿಲ್ಲದ ಎಂಜಿನ್ ಲೋಹಕ್ಕೆ ಹಾಕುವುದು ಕ್ಷೇಮ. ಕಿಡಿ ಹಾರಿದರೂ ಅದು ಅನಿಲದಿಂದ ದೂರ ಹಾರುತ್ತದೆ. ಮುಗಿದ ಮೇಲೆ ಅತ್ಯಂತ ಅವಸರ ಮಾಡುವುದು ಇಲ್ಲೇ. ಸ್ವಿಚ್ ಆಫ್ ಮಾಡದೆ ಕ್ಲಿಪ್ ಕಿತ್ತರೆ, ಜಲಜನಕ ಅತಿ ಹೆಚ್ಚಾಗಿರುವ ಸಮಯದಲ್ಲಿ, ಅದೂ ಬ್ಯಾಟರಿಯ ಬಾಯಲ್ಲೇ ಕಿಡಿ ಹುಟ್ಟುತ್ತದೆ. ಮೊದಲು ಸ್ವಿಚ್ ಆಫ್, ಅರ್ಧ ಗಂಟೆ ಕಾಯುವುದು, ಆಮೇಲೆ ಕಪ್ಪು, ಕೊನೆಗೆ ಕೆಂಪು.

ಚಾರ್ಜರ್ ಯಾವುದು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ವೋಲ್ಟೇಜನ್ನು ತಾನೇ ಅಳೆದು, ತುಂಬಿದ ಮೇಲೆ 13.5ರ ಆಸುಪಾಸಿಗೆ ಇಳಿಸಿ ನಿಲ್ಲಿಸುವ ಆಟೊಮ್ಯಾಟಿಕ್ ಚಾರ್ಜರ್ ಮಾತ್ರ ಮನೆಗೆ ತಕ್ಕದ್ದು. ಹಳೆಯ ಗ್ಯಾರೇಜುಗಳಲ್ಲಿ ಗೋಡೆಯ 230 ವೋಲ್ಟ್ ಕರೆಂಟಿಗೆ ಒಂದು ಬಲ್ಬು, ಒಂದು ಡಯೋಡು ಸೇರಿಸಿ ನೇರವಾಗಿ ಬ್ಯಾಟರಿ ಚಾರ್ಜ್ ಮಾಡುವ ಒಂದು ಉಪಾಯವಿತ್ತು. ಇಂದಿಗೂ ಅದನ್ನು ವಿಡಿಯೊಗಳಲ್ಲಿ ಕಲಿಸುವವರಿದ್ದಾರೆ. ಅಲ್ಲಿ ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದ ಕಾರಣ ಬ್ಯಾಟರಿಯ ಟರ್ಮಿನಲ್ಲು, ಅದರ ಮೇಲಿನ ಆ್ಯಸಿಡ್ಡಿನ ಪಸೆ, ಕಾರಿನಲ್ಲೇ ಇದ್ದರೆ ಕಾರಿನ ಇಡೀ ಮೈ, ಎಲ್ಲವೂ ಮನೆಯ ಲೈನಿಗೆ ನೇರವಾಗಿ ಜೋಡಣೆಯಾದಂತೆಯೇ. ಆಗ ಹನ್ನೆರಡು ವೋಲ್ಟ್ ಎಂಬ ಧೈರ್ಯಕ್ಕೆ ಅರ್ಥವೇ ಉಳಿಯುವುದಿಲ್ಲ, ಪ್ರಾಣವೇ ಹೋಗಬಹುದು. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಕೂಡ ಬೇಡ. ಅದಕ್ಕೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ಜೋಡಿಸುವವರೂ ಇದ್ದಾರೆ. ಅದರ ಚಾರ್ಜಿಂಗ್ ಕರೆಂಟ್ 150 ಆಂಪಿಯರ್-ಅವರ್‌ನಂಥ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಗೆ ಹೊಂದುವಂತೆ ಇಟ್ಟಿರುವುದು, 35ರ ಬ್ಯಾಟರಿಗೆ ಅದು ವಿಪರೀತವಾಗುತ್ತದೆ.

ಏಕೆಂದರೆ ಕರೆಂಟ್ ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟಿದ್ದರೆ ಸಾಕು ಎಂಬುದು ಹಳೆಯ, ಇಂದಿಗೂ ನಂಬಬಹುದಾದ ಲೆಕ್ಕ: 35 ಆಂಪಿಯರ್-ಅವರ್‌ಗೆ 3.5 ಆಂಪಿಯರ್, ಸ್ಕೂಟರಿನ 5 ಆಂಪಿಯರ್-ಅವರ್‌ಗೆ ಅರ್ಧ ಆಂಪಿಯರ್. ಸ್ಕೂಟರಿನ ಬ್ಯಾಟರಿ ಹೆಚ್ಚಾಗಿ ಸೀಲ್ ಮಾಡಿದ್ದು. ಅದನ್ನು ಕಾರಿನ ಚಾರ್ಜರ್‌ನಿಂದ ನಾಲ್ಕು ಆಂಪಿಯರ್ ಕೊಟ್ಟು ಕಾಯಿಸಿದರೆ ಒಳಗಿನ ನೀರು ಆರಿಹೋಗುತ್ತದೆ, ಮತ್ತೆ ತುಂಬುವ ದಾರಿಯಿಲ್ಲ. ಅರ್ಧ ಖಾಲಿಯಾದ ಕಾರಿನ ಬ್ಯಾಟರಿಗೆ, ನಷ್ಟವನ್ನೂ ಸೇರಿಸಿ, ಸುಮಾರು 21 ಆಂಪಿಯರ್-ಅವರ್ ತುಂಬಬೇಕಾಗುತ್ತದೆ. ಲೆಕ್ಕಕ್ಕೆ ಆರು ಗಂಟೆಯಾದರೂ ಕೊನೆಯ ಭಾಗದಲ್ಲಿ ಕರೆಂಟ್ ತಾನಾಗಿಯೇ ಇಳಿಯುವುದರಿಂದ ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಅದಕ್ಕಾಗಿಯೇ ಇದು ರಾತ್ರಿ ಹಾಕಿ ಮಲಗುವ ಕೆಲಸವಲ್ಲ. ರಜೆಯ ದಿನ ಬೆಳಿಗ್ಗೆ ಹಾಕಿ, ಆಗಾಗ ಹೋಗಿ ಡಬ್ಬಿಯ ಪಕ್ಕವನ್ನು ಕೈಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಬೇಕು.

ಬಿಸಿಲ ಸೀಮೆಯವರಿಗೆ ಇನ್ನೊಂದು ಮಾತು. ಗುಳ್ಳೆ ಜೋರಾಗುವ, ಹಾಗಾಗಿ ಚಾರ್ಜರ್ ದಾಟಬಾರದ 14.4 ವೋಲ್ಟ್ ಎಂಬ ಮಿತಿ 25 ಡಿಗ್ರಿ ತಾಪಮಾನಕ್ಕೆ ಹೇಳಿದ್ದು. ಪ್ರತಿ ಡಿಗ್ರಿ ಏರಿಕೆಗೆ ಸುಮಾರು 24 ಮಿಲಿವೋಲ್ಟ್ ಕಡಿಮೆ ಮಾಡಬೇಕಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಅದು 14ಕ್ಕೆ ಇಳಿಯಬೇಕು. ಈ ಹೊಂದಾಣಿಕೆ ಇಲ್ಲದ ಚಾರ್ಜರ್ ಇದ್ದವರು ಏಪ್ರಿಲ್, ಮೇ ತಿಂಗಳಲ್ಲಿ ನಸುಕಿನ ತಂಪು ಹೊತ್ತಿನಲ್ಲಿ ಚಾರ್ಜ್ ಮಾಡುವುದು ಒಳ್ಳೆಯದು.

ನೀರು ತುಂಬುವ ಬ್ಯಾಟರಿಯಾದರೆ ತಟ್ಟೆಗಳು ಮುಳುಗಿವೆಯೇ ಎಂದು ಮೊದಲು ನೋಡಬೇಕು. ಮುಳುಗಿರದಿದ್ದರೆ ಅವು ಮುಚ್ಚುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡಿ, ಗೆರೆಯವರೆಗೆ ತುಂಬುವುದನ್ನು ಚಾರ್ಜ್ ಮುಗಿದ ಮೇಲೆ ಇಟ್ಟುಕೊಳ್ಳಬೇಕು. ಮೊದಲೇ ತುಂಬಿದರೆ ಗುಳ್ಳೆಯೇಳುವಾಗ ಆ್ಯಸಿಡ್ ಉಕ್ಕಿ ಹೊರಗೆ ಬರುತ್ತದೆ. ಬೋರ್‌ವೆಲ್ ನೀರು, ಎಸಿಯಿಂದ ತೊಟ್ಟಿಕ್ಕಿದ ನೀರು, ಹಂಚಿನ ಮೇಲಿಂದ ಇಳಿದ ಮಳೆನೀರು ಇವಾವುದೂ ಬೇಡ. ಅವುಗಳಲ್ಲಿನ ಲವಣ ಮತ್ತು ಲೋಹದ ಅಂಶ ತಟ್ಟೆಗಳನ್ನು ಕೆಡಿಸುತ್ತದೆ. ಆ್ಯಸಿಡ್ಡನ್ನಂತೂ ಎಂದೂ ಸೇರಿಸಬಾರದು, ಆರಿಹೋಗುವುದು ನೀರು ಮಾತ್ರ. ಟರ್ಮಿನಲ್ಲಿನ ಮೇಲೆ ಕೂತ ಬಿಳಿ ಅಥವಾ ನೀಲಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಹಳೆಯ ಬ್ರಷ್‌ನಲ್ಲಿ ಉಜ್ಜಿ ತೊಳೆಯಬಹುದು, ಆದರೆ ಆ ನೀರಿನ ಹನಿ ಸೆಲ್‌ಗಳೊಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಆ ಪುಡಿಯಲ್ಲಿ ಸೀಸವಿರುವುದರಿಂದ ಮಕ್ಕಳನ್ನು ಹತ್ತಿರ ಬಿಡಬಾರದು, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಊಟಕ್ಕೆ ಕೂರಬೇಕು.

ಕಣ್ಣಿಗೆ ಆ್ಯಸಿಡ್ ಸಿಡಿದರೆ ರೆಪ್ಪೆಯನ್ನು ತೆರೆದು ಹಿಡಿದು ಕನಿಷ್ಠ 15 ನಿಮಿಷ ಸುರಿಯುವ ನೀರಿನಲ್ಲಿ ತೊಳೆಯಬೇಕು, ಆಮೇಲೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು. ಕಣ್ಣಿಗೆ ಸೋಡಾ, ಹಾಲು, ಮನೆಮದ್ದು ಯಾವುದನ್ನೂ ಹಾಕಬಾರದು. ಕೆಲಸ ಶುರು ಮಾಡುವ ಮುನ್ನವೇ ಒಂದು ಬಕೆಟ್ ಶುದ್ಧ ನೀರು ಪಕ್ಕದಲ್ಲಿರಲಿ.

ಚಾರ್ಜ್ ಆಗುತ್ತಿರುವಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕೆಟ್ಟ ಸೆಲ್ ಅತಿಯಾಗಿ ಕಾದು ಹೈಡ್ರೋಜನ್ ಸಲ್ಫೈಡ್ ಬಿಡುತ್ತಿದೆ ಎಂದರ್ಥ. ಆ ವಿಷಾನಿಲ ಹೆಚ್ಚಾದಂತೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹಾಗಾಗಿ "ವಾಸನೆ ಹೋಯಿತು" ಎಂದು ಸಮಾಧಾನಪಡದೆ, ಮೇನ್ ಸ್ವಿಚ್ಚಿನಿಂದಲೇ ಕರೆಂಟ್ ತೆಗೆದು, ಮನೆಯವರೆಲ್ಲ ಹೊರಗೆ ಬಂದು, ಬ್ಯಾಟರಿ ತಣ್ಣಗಾಗುವವರೆಗೆ ದೂರವಿರಬೇಕು. ಡಬ್ಬಿ ಉಬ್ಬಿರುವ, ಬಿರುಕು ಬಿಟ್ಟಿರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು.

ಎಲ್ಲ ಸರಿಯಾಗಿ ನಡೆದರೆ, ಚಾರ್ಜ್ ತೆಗೆದು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದಾಗ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಎಂದರೆ ಬಹುಪಾಲು ಖಾಲಿ. ಇಡೀ ದಿನ ಚಾರ್ಜ್ ಮಾಡಿದ ಮೇಲೂ 10.5ರ ಸುತ್ತಲೇ ನಿಂತಿದ್ದರೆ ಒಂದು ಸೆಲ್ ಸತ್ತಿದೆ. ಅದನ್ನು ಮತ್ತೆ ಮತ್ತೆ ಚಾರ್ಜಿಗೆ ಹಾಕುವುದರಿಂದ ಉಳಿದ ಐದು ಸೆಲ್‌ಗಳು ಕಾಯುತ್ತವೆಯೇ ಹೊರತು ಗಾಡಿ ಹೊರಡುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಮರಳಿಸಬೇಕು; ಹಳೆಯದಕ್ಕೆ ಎಕ್ಸ್‌ಚೇಂಜ್ ಬೆಲೆಯೂ ಸಿಗುತ್ತದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆದು ಕರಗಿಸುವ ವ್ಯವಸ್ಥೆ ಮಾಡುವುದು ತಯಾರಕರ ಹೊಣೆಯೂ ಹೌದು. ಒಯ್ಯುವಾಗ ಡಿಕ್ಕಿಯಲ್ಲಿ ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಅಲುಗದಂತೆ ಕಟ್ಟಿಕೊಂಡು ಹೋಗಿ.