ಲಿವರಿನ ಕೊಬ್ಬು: ನೀರಿನ ಲೆಕ್ಕ ತಪ್ಪಬಾರದು

2024ರ ನವೆಂಬರ್ 12, ಮಂಗಳವಾರ

ಇವತ್ತು ಮೇಕೆ ಲಿವರಿನ ಲಿಪಿಡ್ (ಕೊಬ್ಬು ಮತ್ತು ಕೊಬ್ಬಿನಂಥ ಪದಾರ್ಥ) ತೆಗೆಯುವ ಕೆಲಸ. ಫೋಲ್ಚ್, ಲೀಸ್, ಸ್ಲೋನ್ ಸ್ಟಾನ್ಲಿ 1957ರಲ್ಲಿ ಕೊಟ್ಟ ವಿಧಾನವೇ. ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಕೊಬ್ಬು ತೆಗೆಯುವ ಸಾಕ್ಸ್‌ಲೆಟ್ ಉಪಕರಣ ಸಾಲದೇ ಅಂದರೆ, ಸಾಲದು. ಅದರಲ್ಲಿ ಹಾಕುವ ಈಥರ್ ಟ್ರೈಗ್ಲಿಸರೈಡನ್ನು, ಅಂದರೆ ಶೇಖರಣೆಯ ಕೊಬ್ಬನ್ನು, ಸಲೀಸಾಗಿ ತರುತ್ತದೆ, ಜೀವಕೋಶದ ಪೊರೆಯ ಪ್ರೋಟೀನಿಗೆ ಅಂಟಿದ ಫಾಸ್ಫೊಲಿಪಿಡ್ಡನ್ನು (ರಂಜಕವಿರುವ ಪೊರೆಯ ಲಿಪಿಡ್) ಪೂರ್ತಿ ಬಿಡಿಸುವುದಿಲ್ಲ. ಅದಕ್ಕೆ ಮೆಥನಾಲ್ ಬೇಕೇ ಬೇಕು.

1 ಗ್ರಾಂ ಅಂಗಾಂಶಕ್ಕೆ 2:1 ಕ್ಲೋರೋಫಾರ್ಮ್-ಮೆಥನಾಲ್ 20 ಮಿ.ಲೀ. ಹೆಪ್ಪುಗಟ್ಟಿದ ತುಂಡು ಕರಗುವ ಮೊದಲೇ ಪುಡಿಯಾಗಿ ದ್ರಾವಕಕ್ಕೆ ಬೀಳಬೇಕು. ಕರಗಲು ಬಿಟ್ಟರೆ ಕೊಬ್ಬನ್ನು ಒಡೆದು ಬಿಡಿ ಕೊಬ್ಬಿನಾಮ್ಲ ಮಾಡುವ ಕಿಣ್ವ ಲೈಪೇಸ್ ಕೆಲಸ ಶುರುಮಾಡುತ್ತದೆ. ಎಲ್ಲವೂ ಫ್ಯೂಮ್ ಹುಡ್ ಒಳಗೆ, ಗಾಜಿನ ಪಾತ್ರೆಗಳಲ್ಲಿ, ಟೆಫ್ಲಾನ್ ಒಳಪದರದ ಮುಚ್ಚಳ ಹಾಕಿ. ಕ್ಲೋರೋಫಾರ್ಮ್ ಪ್ಲಾಸ್ಟಿಕ್‌ನಿಂದ ಏನೇನೋ ಎಳೆದು ತರುತ್ತದೆ.

ಸೋಸಿದ ಮೇಲೆ 0.9% ಉಪ್ಪುನೀರು 4 ಮಿ.ಲೀ. ಎಡವುವುದು ಹೆಚ್ಚಾಗಿ ಇಲ್ಲೇ. ಪದರ ಸರಿಯಾಗಿ ಬೇರೆಯಾಗಲು ಕ್ಲೋರೋಫಾರ್ಮ್, ಮೆಥನಾಲ್, ನೀರು 8:4:3 ಇರಬೇಕು. 20 ಮಿ.ಲೀ. ದ್ರಾವಕಕ್ಕೆ 5 ಮಿ.ಲೀ. ನೀರು ಅಂತಾಯಿತು. ಉಳಿದ 1 ಮಿ.ಲೀ. ಎಲ್ಲಿಂದ? 1 ಗ್ರಾಂ ಹಸಿ ಅಂಗಾಂಶವನ್ನೇ 1 ಮಿ.ಲೀ. ನೀರು ಅಂತ ಹಿಡಿದಿದ್ದಾರೆ. ಹಾಗಾಗಿ ಫ್ರೀಜ್-ಡ್ರೈ ಮಾಡಿದ ಮಾದರಿಗೆ ಹೋದ ನೀರನ್ನು ಮೊದಲು ವಾಪಸು ಕೊಡಬೇಕು, ಇಲ್ಲದಿದ್ದರೆ ಅನುಪಾತವೇ ಕೆಡುತ್ತದೆ. ಉಪ್ಪಿಲ್ಲದ ನೀರಿನಲ್ಲಿ ತೊಳೆದರೆ ಆಮ್ಲೀಯ ಫಾಸ್ಫೊಲಿಪಿಡ್‌ಗಳು ಮೇಲಿನ ಪದರಕ್ಕೆ ಹೋಗಿ ನಷ್ಟವಾಗುತ್ತವೆ.

ಜೋರಾಗಿ ಕುಲುಕಬೇಡಿ, ಹಾಲಿನಂಥ ಎಮಲ್ಶನ್ ಕಟ್ಟುತ್ತದೆ. ಕಟ್ಟಿದರೆ 2000 ಆರ್‌ಪಿಎಮ್‌ನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್. ನಮಗೆ ಬೇಕಾದ್ದು ಕೆಳಗಿನ ಪದರ, ಲಿಪಿಡ್ ಕರಗಿರುವ ಕ್ಲೋರೋಫಾರ್ಮಿನದು. ನಡುವೆ ಬಿಳಿ ಬಿಲ್ಲೆಯಂತೆ ನಿಂತ ಪ್ರೋಟೀನ್ ಪಿಪೆಟ್ಟಿಗೆ ಬರದಂತೆ ನೋಡಿಕೊಳ್ಳಿ. ಆಮೇಲೆ ಕೊಬ್ಬು ಆಕ್ಸಿಡೀಕರಣವಾಗದಂತೆ ತಡೆಯುವ ಬಿಎಚ್‌ಟಿ 0.01% ಸೇರಿಸಿ, 40 ಡಿಗ್ರಿ ದಾಟದಂತೆ ನೈಟ್ರೋಜನ್ ಹಾಯಿಸಿ ಒಣಗಿಸುವುದು.

ಲಿಪಿಡ್‌ಗಳನ್ನು ಒಂದರಿಂದೊಂದು ಬೇರ್ಪಡಿಸಲು ಸಿಲಿಕಾ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟು, ಅದರ ಮೇಲೆ ಹರಿಯುವ ದ್ರಾವಕ ಹೆಕ್ಸೇನ್-ಡೈಈಥೈಲ್ ಈಥರ್-ಅಸಿಟಿಕ್ ಆಮ್ಲ 80:20:1. ಅಸಿಟಿಕ್ ಆಮ್ಲ ಹಾಕದಿದ್ದರೆ ಕೊಬ್ಬಿನಾಮ್ಲದ ಚುಕ್ಕೆ ಬಾಲದಂತೆ ಉದ್ದಕ್ಕೆ ಹರಡುತ್ತದೆ. ಮೇಲಿನಿಂದ ಕೊಲೆಸ್ಟ್ರಾಲ್ ಎಸ್ಟರ್, ಟ್ರೈಗ್ಲಿಸರೈಡ್, ಬಿಡಿ ಕೊಬ್ಬಿನಾಮ್ಲ, ಕೊಲೆಸ್ಟ್ರಾಲ್. ಫಾಸ್ಫೊಲಿಪಿಡ್ ಹಚ್ಚಿದ ಜಾಗ ಬಿಟ್ಟು ಕದಲದು. ಅಯೋಡಿನ್ ಆವಿಯಲ್ಲಿ ಕಂದು ಚುಕ್ಕೆಗಳು ಕಾಣುತ್ತವೆ. ಬಿಡಿ ಕೊಬ್ಬಿನಾಮ್ಲದ ಚುಕ್ಕೆ ದಪ್ಪಗಿದ್ದರೆ ಮೊದಲ ಅನುಮಾನ ಲಿವರನ್ನು ಇಟ್ಟ ರೀತಿಯ ಮೇಲೆಯೇ. ಆದರೆ ಬಣ್ಣದ ಗಾಢತೆ ನೋಡಿ ಪ್ರಮಾಣ ಬರೆಯಬೇಡಿ. ಅಯೋಡಿನ್ ಅಪರ್ಯಾಪ್ತ (ದ್ವಿಬಂಧವಿರುವ) ಕೊಬ್ಬಿಗೆ ಹೆಚ್ಚು ಹಿಡಿಯುತ್ತದೆ. ಪ್ರಮಾಣ ಬೇಕಿದ್ದರೆ ಕೊಬ್ಬಿನಾಮ್ಲಗಳನ್ನು ಮಿಥೈಲ್ ಎಸ್ಟರ್ ಮಾಡಿ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಹಾಕಬೇಕು.