ಸ್ಕ್ಯಾನಿಂಗ್ ಚಿತ್ರದ ರವೆ ಮತ್ತು ನನ್ನ ಮಳೆಗಾಲ

ಜೂನ್ 15

ಅಪ್ಪನ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿದ ದಿನ ಶುರುವಾದದ್ದು ಇದು. ಕಿಡ್ನಿಯಲ್ಲಿ ಸಣ್ಣ ಕಲ್ಲು, ಹೆದರುವಂಥದ್ದೇನೂ ಇರಲಿಲ್ಲ. ಆದರೆ ನನ್ನ ಕಣ್ಣು ಪರದೆಯಲ್ಲೇ ಉಳಿಯಿತು. ಚಿತ್ರದ ತುಂಬ ಕಾಳು ಕಾಳು, ಯಾರೋ ರವೆ ಚೆಲ್ಲಿದ ಹಾಗೆ. ದೊಡ್ಡಮ್ಮನ ಮಗಳು ಮಂಗಳೂರಿನಲ್ಲಿ ರೇಡಿಯಾಲಜಿಸ್ಟ್. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ಅದು ಸ್ಪೆಕಲ್ ಮಾರಾಯ, ಎಲ್ಲ ಮಷೀನಲ್ಲೂ ಇರ್ತದೆ" ಅಂದಳು.

ನಾನು ಉಡುಪಿಯಲ್ಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನು. ಈ ರವೆಯನ್ನು ತೆಗೆಯುವ ಪ್ರೋಗ್ರಾಂ ಒಂದು ಬರೆದು ನೋಡೋಣ ಅಂತ ಕೂತಿದ್ದೇನೆ. ಮಳೆಗಾಲದ ಭಾನುವಾರಗಳು ಹೇಗೂ ಮನೆಯೊಳಗೇ.

ಜೂನ್ 22

ಮೊದಲ ಪ್ರಯತ್ನ ಪೂರ್ತಿ ತಪ್ಪು ದಾರಿ. ಅಪ್ಪನ ರಿಪೋರ್ಟಿನ ಜೆಪೆಗ್ ಚಿತ್ರಕ್ಕೆ ನೇರವಾಗಿ ಲೀ ಫಿಲ್ಟರ್ ಹಾಕಿದೆ. ಜಾಂಗ್-ಸೆನ್ ಲೀ 1980ರ ಸುಮಾರಿಗೆ ಕೊಟ್ಟ ವಿಧಾನ ಇದು. ಸುತ್ತಮುತ್ತ ಸಮತಟ್ಟಾಗಿದ್ದರೆ ಜಾಸ್ತಿ ನುಣುಪು ಮಾಡುತ್ತದೆ, ಅಂಚು ಕಂಡರೆ ಕೈ ಹಿಂದಕ್ಕೆ ತೆಗೆಯುತ್ತದೆ. ಇದು ಹೆಸರಾದದ್ದು ರಾಡಾರ್ ಚಿತ್ರಗಳಿಂದ. ಜೂನ್ ಬಂತೆಂದರೆ ನಮ್ಮ ಕರಾವಳಿಯ ಮೇಲೆ ಮೋಡ ಮುಚ್ಚಿಬಿಡುತ್ತದೆ, ಅದರ ಮೂಲಕವೂ ನೋಡಬಲ್ಲವು ರಾಡಾರ್ ಉಪಗ್ರಹಗಳು. ಇಸ್ರೋ 2012ರಲ್ಲಿ ಹಾರಿಸಿದ ರಿಸ್ಯಾಟ್-1 ಅಂಥದ್ದಾಗಿತ್ತು. ಅವುಗಳ ಚಿತ್ರದಲ್ಲೂ ಇದೇ ರವೆ.

ತಪ್ಪು ಎಲ್ಲಿ ಅಂದರೆ, ಪರದೆಗೆ ಬರುವ ಹೊತ್ತಿಗೆ ಸ್ಕ್ಯಾನಿಂಗ್ ಚಿತ್ರ ಲಾಗ್ ಲೆಕ್ಕಕ್ಕೆ, ಅಂದರೆ ದೊಡ್ಡ ಅಂತರಗಳನ್ನು ಕುಗ್ಗಿಸುವ ಲಾಗರಿದಂ ಅಳತೆಗೆ, ಬದಲಾಗಿರುತ್ತದೆ. ಮೈಯೊಳಗಿಂದ ಬರುವ ಪ್ರತಿಧ್ವನಿಯಲ್ಲಿ ಜೋರಿನದಕ್ಕೂ ಮೆತ್ತಗಿನದಕ್ಕೂ ಸಾವಿರ ಪಟ್ಟು ವ್ಯತ್ಯಾಸ ಇರಬಹುದು, ಅಂದರೆ 60 ಡೆಸಿಬೆಲ್. ಅಷ್ಟನ್ನು ಒಂದೇ ಪರದೆಯಲ್ಲಿ ತೋರಿಸಲು ಲಾಗ್ ಬೇಕೇ ಬೇಕು. ಆದರೆ ನಾನು ಹಾಕಿದ್ದು, ರವೆ ಚಿತ್ರಕ್ಕೆ ಗುಣಿಸಿಕೊಂಡಿದೆ ಅಂತ ನಂಬಿ ಮಾಡುವ ಲೆಕ್ಕ. ಲಾಗ್ ಆದ ಮೇಲೆ ಗುಣಾಕಾರ ಕೂಡಿಕೆಯಾಗಿರುತ್ತದೆ. ಮೇಲಿಂದ ಜೆಪೆಗ್‌ನ ಚೌಕಗಳು, ಅಳತೆಯ ಗೆರೆಗಳು, ಅಕ್ಷರಗಳು. ಫಿಲ್ಟರ್ ಅವನ್ನೂ ಅಂಗಾಂಗ ಅಂತಲೇ ತಿಳಿದುಕೊಂಡಿತು.

ಜೂನ್ 29

ಈ ವಾರ ಕೋಡ್ ಬರೆಯಲಿಲ್ಲ. ರವೆ ಯಾಕೆ ಬರುತ್ತದೆ ಅಂತ ಮೊದಲು ಅರ್ಥ ಮಾಡಿಕೊಳ್ಳಬೇಕಿತ್ತು.

ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 5 ಮೆಗಾಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದ 0.3 ಮಿಲಿಮೀಟರ್. ಅದಕ್ಕಿಂತ ಎಷ್ಟೋ ಸಣ್ಣ ಕಣಗಳು ಲಿವರಿನಲ್ಲಿ, ಮಾಂಸದಲ್ಲಿ ಲೆಕ್ಕವಿಲ್ಲದಷ್ಟು. ಒಂದೊಂದೂ ಒಂದು ಚೂರು ಶಬ್ದವನ್ನು ತಿರುಗಿಸಿ ಕಳಿಸುತ್ತದೆ. ಆ ಚೂರುಗಳೆಲ್ಲ ಒಟ್ಟಿಗೆ ಬಂದು ಸೇರುವಾಗ ಒಂದು ಕಡೆ ಒಂದಕ್ಕೊಂದು ಬಲ ಕೊಡುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಬಿಳಿ ಕಾಳು, ಕಪ್ಪು ಕಾಳು ಹುಟ್ಟುವುದು ಹೀಗೆ. ಮಲ್ಪೆಯ ಸೀ ವಾಕ್ ಹತ್ತಿರ ಕಲ್ಲಿಗೆ ಬಡಿದು ಹಿಂದೆ ಬರುವ ತೆರೆ, ಮುಂದಿನಿಂದ ಬರುವ ತೆರೆಗೆ ಸಿಕ್ಕುವುದನ್ನು ನೋಡಿದ್ದೀರಲ್ವಾ? ಒಂದು ಕಡೆ ನೀರು ಎದ್ದು ನಿಲ್ಲುತ್ತದೆ, ಪಕ್ಕದಲ್ಲೇ ಸುಮ್ನೆ ಮಲಗಿರುತ್ತದೆ.

ಮನೆಯಲ್ಲೇ ನೋಡಬೇಕೆಂದರೆ ಒಂದು ಲೇಸರ್ ಪಾಯಿಂಟರ್ ಸಾಕು. ರಾತ್ರಿ ದೀಪ ಆರಿಸಿ, ಬೆಳಕನ್ನು ಭೂತಗನ್ನಡಿಯಿಂದ ಅಗಲ ಮಾಡಿ ಸುಣ್ಣದ ಗೋಡೆಗೆ ಬಿಟ್ಟೆ. ಗೋಡೆ ತುಂಬ ಕೆಂಪು ರವೆ! ತಲೆ ಅಲ್ಲಾಡಿಸಿದರೆ ರವೆಯೂ ಸರಿಯುತ್ತದೆ. ಗೋಡೆ ಗೋಡೆಯಾಗಿಯೇ ಇದೆ, ನಾನು ನೋಡುವ ಜಾಗ ಬದಲಾಯಿತು, ಅಷ್ಟೆ. ಇದರಿಂದ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಯಿತು. ಕತ್ತಲಲ್ಲಿ ತೆಗೆದ ಫೋಟೋದ ಕಾಳು ಪ್ರತಿ ಸಲ ಬೇರೆ ಇರುತ್ತದೆ, ಹತ್ತು ಫೋಟೋ ಸೇರಿಸಿದರೆ ಕಡಿಮೆಯಾಗುತ್ತದೆ. ಸ್ಪೆಕಲ್ ಹಾಗಲ್ಲ. ಮೈಗೆ ಒತ್ತಿ ಹಿಡಿಯುವ ಪ್ರೋಬ್ ಅಲ್ಲಾಡದಿದ್ದರೆ, ಒಳಗೇನೂ ಅಲ್ಲಾಡದಿದ್ದರೆ, ನೂರು ಸಲ ನೋಡಿದರೂ ಅದೇ ಕಾಳು ಅದೇ ಜಾಗದಲ್ಲಿ. ಕಡಿಮೆ ಮಾಡಬೇಕೆಂದರೆ ನೋಡುವ ಕೋನವನ್ನೇ ಬದಲಿಸಬೇಕು.

ಜುಲೈ 13

ಕೋನ ಬದಲಿಸಲು ಮಷೀನ್ ಎಲ್ಲಿಂದ ತರುವುದು? ನಮ್ಮಲ್ಲಿ ಅದನ್ನು ಮನೆಗೆ ತಂದು ಇಟ್ಟುಕೊಳ್ಳುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ನೋಂದಣಿ ಇರುವ ಕಡೆಗೆ ಮಾತ್ರ ಈ ಮಷೀನ್ ಮಾರಬಹುದು. ಆ ಕಾನೂನು ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾಗಿ ಪಿಕ್‌ಮಸ್ ಹಿಡಿದುಕೊಂಡೆ. 2016ರಲ್ಲಿ ಅಲ್ಟ್ರಾಸೌಂಡ್ ಚಿತ್ರ ಕಟ್ಟುವ ಒಂದು ಸ್ಪರ್ಧೆಗಾಗಿ ಎಲ್ಲರಿಗೂ ಬಿಟ್ಟುಕೊಟ್ಟ ಡೇಟಾ. 128 ಎಲಿಮೆಂಟುಗಳ (ಶಬ್ದ ಕಳಿಸಿ ಕೇಳಿಸಿಕೊಳ್ಳುವ ಸಣ್ಣ ತುಣುಕುಗಳ) ಪ್ರೋಬ್, −16 ಡಿಗ್ರಿಯಿಂದ +16 ಡಿಗ್ರಿವರೆಗೆ 75 ಕೋನಗಳು, ಒಂದೊಂದು ಎಲಿಮೆಂಟ್ ಕೇಳಿಸಿಕೊಂಡ ಹಸಿ ಸಿಗ್ನಲ್. ಇದರಿಂದ ಚಿತ್ರವನ್ನು ನಾವೇ ಕಟ್ಟಬೇಕು. ಶಬ್ದ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಪ್ರತಿ ಚುಕ್ಕೆಗೂ ಪ್ರತಿ ಎಲಿಮೆಂಟಿಗೂ ಲೆಕ್ಕ ಹಾಕಿ ಕೂಡಿಸುವುದು. ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ ನಂಪೈಯಲ್ಲಿ ಬರೆದೆ. ಎರಡು ವಾರ ಬರೀ ಮಸುಕು. ಕಾರಣ ಕೊನೆಗೆ ಸಿಕ್ಕಿತು: ನಾನು ತೆಗೆದುಕೊಂಡದ್ದು ಐಕ್ಯೂ ಡೇಟಾ, ಅಂದರೆ ಸಿಗ್ನಲ್‌ನ ಮೂಲ ಕಂಪನವನ್ನು ತೆಗೆದು ಹಗುರ ಮಾಡಿದ ರೂಪ. ಅದರಲ್ಲಿ ಸಮಯ ಸರಿಸಿದ ಮೇಲೆ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು) ಕೂಡ ಅಷ್ಟೇ ತಿರುಗಿಸಬೇಕು. ಆ ಒಂದು ಸಾಲು ಸೇರಿಸಿದ ಕೂಡಲೇ ಪರೀಕ್ಷೆಯ ಮಾದರಿಯೊಳಗಿನ ಕಪ್ಪು ವೃತ್ತಗಳು ಎದ್ದು ಬಂದವು. ರಾತ್ರಿ ಹನ್ನೊಂದೂವರೆ. ಮನೆಯವಳನ್ನು ಎಬ್ಬಿಸಿ ತೋರಿಸಿದೆ.

ಇನ್ನೊಂದು ಸಂತೋಷ. ರವೆ ಚೆನ್ನಾಗಿ ಬೆಳೆದ ಜಾಗದಲ್ಲಿ ಬೆಳಕಿನ ಸರಾಸರಿಯನ್ನು ಅದರ ಏರಿಳಿತದಿಂದ ಭಾಗಿಸಿದರೆ 1.91 ಬರಬೇಕು ಅಂತ ಗಣಿತ ಹೇಳುತ್ತದೆ (ಈ ಸಂಖ್ಯೆ ಏರಿದಷ್ಟೂ ರವೆ ಕಡಿಮೆ). ಲಾಗ್ ಹಾಕುವ ಮೊದಲು ಅಳೆದು ನೋಡಿದೆ. 1.9ರ ಆಸುಪಾಸು! ಲಾಗ್ ಹಾಕಿದ ಮೇಲೆ ಏರಿಳಿತ 5.6 ಡೆಸಿಬೆಲ್ ಹತ್ತಿರ ಇರಬೇಕು, ಬೆಳ್ಳಗಿರುವ ಜಾಗವಾದರೂ ಕಪ್ಪಗಿರುವ ಜಾಗವಾದರೂ. ಅದೂ ಕೂಡಿ ಬಂತು.

ಆಟಿ ಅಮಾವಾಸ್ಯೆ

ಬೆಳಿಗ್ಗೆ ಪಾಲೆ ಕಷಾಯ ಕುಡಿದು, ಮೆಂತೆ ಗಂಜಿ ಉಂಡು, ಲ್ಯಾಪ್‌ಟಾಪ್ ತೆರೆದೆ. ರಜೆ ಹಾಕಿದ್ದೆ.

75 ಕೋನಗಳನ್ನೂ ಕೂಡಿಸಿದರೆ ರವೆ ಮಾಯ ಅಂತ ಅಂದುಕೊಂಡಿದ್ದೆ. ವೃತ್ತಗಳ ಒಳಗೆ ಕಪ್ಪು ಗಾಢವಾಯಿತು, ಮಾದರಿಯ ಬಿಳಿ ಚುಕ್ಕೆಗಳು ಚೂಪಾದವು, ಆದರೆ ರವೆ ಇದ್ದಷ್ಟೇ ಇತ್ತು. ಯಾಕೆಂದರೆ ನಾನು ಅಲೆಗಳನ್ನು ಅಲೆಗಳಾಗಿಯೇ ಕೂಡಿಸಿದ್ದೆ. ಹಾಗೆ ಮಾಡಿದರೆ ಸಿಗುವುದು ಇನ್ನೂ ಚೂಪಾದ ಒಂದೇ ನೋಟ, ಅದಕ್ಕೂ ಅದರದೇ ರವೆ. ರವೆ ಇಳಿಯಬೇಕೆಂದರೆ ಬೇರೆ ಬೇರೆ ಚಿತ್ರ ಮಾಡಿ ಬೆಳಕಿನ ಮಟ್ಟವನ್ನು ಸರಾಸರಿ ಮಾಡಬೇಕು. 15 ಕೋನಗಳ 5 ಗುಂಪು ಮಾಡಿದೆ. ಐದೂ ಒಂದಕ್ಕೊಂದು ಸಂಬಂಧವಿಲ್ಲದ ನೋಟಗಳಾಗಿದ್ದರೆ 1.91 ಹೋಗಿ 4.27 ಆಗಬೇಕು. ನನಗೆ ಸಿಕ್ಕಿದ್ದು ಸುಮಾರು 2.5. ಶಬ್ದ ಕಳಿಸಿದ ಕೋನ ಬದಲಾದರೂ ಕೇಳಿಸಿಕೊಂಡ ಎಲಿಮೆಂಟುಗಳು ಐದು ಗುಂಪಿಗೂ ಅವೇ, ಹಾಗಾಗಿ ಐದು ನೋಟಗಳೂ ಅಕ್ಕಪಕ್ಕದ ಮನೆಯವರ ಹಾಗೆ ಹೋಲುತ್ತವೆ. ಚುಕ್ಕೆಗಳೂ ಅಡ್ಡಕ್ಕೆ ಸ್ವಲ್ಪ ದಪ್ಪಗಾದವು.

ಆಗಸ್ಟ್ 10

ಯೂ ಮತ್ತು ಆಕ್ಟನ್ 2002ರಲ್ಲಿ ಕೊಟ್ಟ, ರವೆ ಇಳಿಸುವ ಎಸ್‌ಆರ್‌ಎಡಿ ಎಂಬ ವಿಧಾನ ಬರೆದು ಮುಗಿಸಿದೆ. ಪಕ್ಕದ ಚುಕ್ಕೆಗಳ ಬೆಳಕನ್ನು ಒಂದರಿಂದ ಒಂದಕ್ಕೆ ಸ್ವಲ್ಪ ಸ್ವಲ್ಪವೇ ಹರಿಯಲು ಬಿಡುತ್ತದೆ. ಏರಿಳಿತ ರವೆಯಷ್ಟೇ ಇದ್ದರೆ ಹರಿವು ಜಾಸ್ತಿ, ಅದಕ್ಕಿಂತ ಹೆಚ್ಚಿದ್ದರೆ ಅಲ್ಲೊಂದು ಅಂಚು ಇದೆ ಅಂತ ಹರಿವು ನಿಲ್ಲುತ್ತದೆ. ನೀರು ತಡೆಯುವ ಗದ್ದೆಯ ಹುಣಿಯ (ಬದುವಿನ) ಹಾಗೆ. ಈ ಸಲ ಲಾಗ್‌ಗೆ ಮೊದಲೇ ಹಾಕಿದೆ. 200 ಸುತ್ತು ಓಡಿಸಿದರೆ ಬಂದ ಚಿತ್ರ ಎಷ್ಟು ಚೆಂದ ಅಂದರೆ, ಪ್ರಿಂಟ್ ತೆಗೆದು ಮಂಗಳೂರಿಗೆ ಹೊರಟೆ.

ಹೆಸರು ಬರೆಯದೆ ಆರು ಪ್ರಿಂಟ್ ಮೇಜಿನ ಮೇಲೆ ಇಟ್ಟೆ. ಪಿಕ್‌ಮಸ್‌ನಲ್ಲೇ ಇರುವ ಕುತ್ತಿಗೆಯ ರಕ್ತನಾಳದ ಚಿತ್ರ, ಆರು ಬಗೆಯಲ್ಲಿ. ನನ್ನ 200 ಸುತ್ತಿನದನ್ನು ಅಕ್ಕ ಮೊದಲು ಬದಿಗಿಟ್ಟಳು.

"ಇದೆಂತ, ಪೇಂಟ್ ಹೊಡೆದ ಹಾಗೆ ಉಂಟು?"

"ರವೆ ಹೋಯ್ತಲ್ಲ ಅಕ್ಕ?"

"ರವೆ ಪೂರ ಹೋದ್ರೆ ನಾನು ಎಂತ ನೋಡುದು? ಲಿವರ್ ಗಟ್ಟಿಯಾಗ್ತಾ ಬಂದ್ರೆ ರವೆ ಒರಟಾಗಿ ಕಾಣ್ತದೆ. ನಾವು ಅದನ್ನೇ ಬರೆಯುದು ರಿಪೋರ್ಟಲ್ಲಿ."

ಕೋನಗಳ ಸರಾಸರಿಯ ಬಗ್ಗೆ ಅವಳು ಹೇಳಿದ್ದು ಇನ್ನೂ ಮುಖ್ಯ. ಕಿಡ್ನಿಯ ಕಲ್ಲಿನ ಹಿಂದೆ ಕಪ್ಪು ನೆರಳು ಬೀಳುತ್ತದೆ, ಅದರಿಂದಲೇ ಎಷ್ಟೋ ಸಲ ಕಲ್ಲು ಅಂತ ಗೊತ್ತಾಗುವುದು. ಹಲವು ಕೋನಗಳಿಂದ ನೋಡಿ ಸೇರಿಸಿದರೆ ಆ ನೆರಳು ತೆಳ್ಳಗಾಗುತ್ತದೆ. ಹಾಗಾಗಿ ಅವಳು ಮಷೀನ್‌ನಲ್ಲಿರುವ ಆ ಸೌಲಭ್ಯವನ್ನು ಕಲ್ಲು ಹುಡುಕುವಾಗ ಆಫ್ ಮಾಡುತ್ತಾಳಂತೆ. ಅಪ್ಪನ ಕಲ್ಲು ಸಿಕ್ಕಿದ್ದೂ ನೆರಳಿನಿಂದಲೇ ಇರಬೇಕು.

ವಾಪಸ್ ಬರುವ ಬಸ್ಸಿನಲ್ಲಿ ಪಡುಬಿದ್ರಿ ದಾಟುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಆಗಸ್ಟ್ 17

ಒಂದು ಸ್ಲೈಡರ್ ಹಾಕಿದ್ದೇನೆ. ಎಡಕ್ಕೆ ಹಸಿ ಚಿತ್ರ, ಬಲಕ್ಕೆ 40 ಸುತ್ತಿನ ಎಸ್‌ಆರ್‌ಎಡಿ, ನಡುವೆ ಎರಡರ ಮಿಶ್ರಣ. ಕೋನಗಳ ಸರಾಸರಿಗೆ ಬೇರೆಯೇ ಬಟನ್, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆನ್. ಅಕ್ಕ ನಿನ್ನೆ ರಾತ್ರಿ ಅವಳ ಲ್ಯಾಪ್‌ಟಾಪಿನಲ್ಲಿ ಆಡಿಸಿ ನೋಡಿದಳು. ರಕ್ತನಾಳದ ಗೋಡೆ ನೋಡುವಾಗ 35ರ ಹತ್ತಿರ ನಿಲ್ಲಿಸಿದಳು, ಸುತ್ತಲಿನ ಮಾಂಸ ನೋಡುವಾಗ 10ಕ್ಕೆ ಇಳಿಸಿದಳು. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಮುಂದಿನ ಭಾನುವಾರ ಅವಳ ಜೊತೆ ಕೆಲಸ ಮಾಡುವ ಇನ್ನಿಬ್ಬರು ಡಾಕ್ಟರುಗಳು ಅದೇ ಚಿತ್ರಗಳನ್ನು ನೋಡಲು ಒಪ್ಪಿದ್ದಾರೆ. ಅವರ ಕೈ ಎಲ್ಲಿ ನಿಲ್ಲುತ್ತದೆ ನೋಡಬೇಕು.